ನೌಕರಿ ಬಿಟ್ಟವರ ಧ್ವನಿಯಲ್ಲಿ ಹಳೆಯ ನೆರೆ ಎಚ್ಚರಿಕೆ ಪ್ರಸಾರ ಮಾಡಿದ್ದರ ಬಗ್ಗೆ ದೂರು

ಗೆ,
ವ್ಯವಸ್ಥಾಪಕ ನಿರ್ದೇಶಕರು,
ಕೇಬಲ್ ಸಂಪರ್ಕ ಹಾಗೂ ಸ್ಥಳೀಯ ವಾರ್ತಾ ವಾಹಿನಿ,
ಶಿವಮೊಗ್ಗ.

ವಿಷಯ: ತಮ್ಮ ವಾಹಿನಿಯಲ್ಲಿ ಹಳೆಯ ವಾರ್ತೆಯನ್ನು ದಿನಾಂಕವಿಲ್ಲದೆ ಮರುಪ್ರಸಾರ ಮಾಡಿದ್ದು, ವಾರ್ತಾ ವಾಚಕರು ತೆರಳಿದ ಸಂಗತಿಯನ್ನು ವೀಕ್ಷಕರಿಂದ ಮುಚ್ಚಿಟ್ಟಿದ್ದು ಮತ್ತು ತಮ್ಮ ಕಚೇರಿಯಲ್ಲಿ ನನಗಾದ ಅವಮಾನದ ಕುರಿತು.

ಮಾನ್ಯರೇ,

ನಾನು ಕುಂಬಾರ ಗುಂಡಿಯ ನಿವಾಸಿ, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಕೆಲಸ ಮಾಡುವವಳು ಮತ್ತು ಬಹಳ ಹಿಂದಿನಿಂದ ತಮ್ಮ ಕೇಬಲ್ ಸಂಪರ್ಕದ ಚಂದಾದಾರಳು. ಗ್ರಾಹಕ ಸೇವೆಯ ಸಂಖ್ಯೆಗೆ ಹಲವು ಬಾರಿ ಫೋನ್ ಮಾಡಿ, ಸಮಾಧಾನದಿಂದಲೇ ವಿಷಯ ತಿಳಿಸಿ, 'ಮೇಲಿನವರಿಗೆ ಹೇಳುತ್ತೇವೆ' ಎಂಬ ಉತ್ತರಕ್ಕಿಂತ ಹೆಚ್ಚಿನದೇನೂ ಸಿಗದ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ಈ ಮಳೆಗಾಲದಲ್ಲಿ ಗಾಜನೂರಿನ ತುಂಗಾ ಅಣೆಕಟ್ಟಿನಿಂದ ನೀರು ಬಿಟ್ಟು, ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗುವ ಹಂತಕ್ಕೆ ಬಂದ ದಿನ ರಾತ್ರಿ ತಮ್ಮ ವಾರ್ತೆಯಲ್ಲಿ, ತುಂಗಾ ನದಿ ಅಪಾಯದ ಮಟ್ಟ ಮೀರಿದೆ, ಕುಂಬಾರ ಗುಂಡಿ, ಸೀಗೆಹಟ್ಟಿ, ಬಾಪೂಜಿ ನಗರದವರು ಕೂಡಲೇ ಮನೆ ಖಾಲಿ ಮಾಡಬೇಕು ಎಂಬ ಎಚ್ಚರಿಕೆ ಪ್ರಸಾರವಾಯಿತು. ಅದನ್ನು ಓದಿದವರು ತಮ್ಮಲ್ಲಿ ವರ್ಷಗಟ್ಟಲೆ ವಾರ್ತೆ ಓದಿ, ಕಳೆದ ಬೇಸಿಗೆಯಲ್ಲಿ ಬೇರೆ ವಾಹಿನಿಗೆ ಹೋದ ವಾಚಕಿ. ಆ ಎಚ್ಚರಿಕೆ ಆ ದಿನದ್ದಾಗಿರಲಿಲ್ಲ. ಯಾವುದೋ ಹಿಂದಿನ ಮಳೆಗಾಲದ ತುಣುಕನ್ನು ತೆಗೆದು, ಮೇಲೆ ದಿನಾಂಕ ಹಾಕದೆ, ಆ ದಿನದ ಸುದ್ದಿಯ ನಡುವೆ ಸೇರಿಸಲಾಗಿತ್ತು.

ನಮ್ಮತ್ತೆಗೆ ಕಣ್ಣು ಕಾಣಿಸುವುದಿಲ್ಲ. ಅವರಿಗೆ ವಾರ್ತೆಯೆಂದರೆ ಓದುವವರ ಧ್ವನಿ. ಹೊಸಬರು ಓದಲು ಬಂದಾಗಿನಿಂದ ಅವರು ಸುದ್ದಿಯನ್ನು ನಂಬುವುದನ್ನೇ ಬಿಟ್ಟಿದ್ದರು, ಏಕೆಂದರೆ ಆ ಮಕ್ಕಳು ಭದ್ರಾ ಜಲಾಶಯದ ನೀರಿನ ಮಟ್ಟ 1,819 ಅಡಿ ಎಂದು ಓದಿ, ಲಿಂಗನಮಕ್ಕಿಯದು 186 ಅಡಿ ಎಂದು ಮುಗಿಸಿದ್ದನ್ನು ಅವರೇ ಕೇಳಿದ್ದರು. ಭದ್ರೆಯ ಪೂರ್ಣ ಮಟ್ಟ 186 ಅಡಿ, ಲಿಂಗನಮಕ್ಕಿಯದು 1,819 ಅಡಿ ಎಂಬುದು ಈ ಜಿಲ್ಲೆಯಲ್ಲಿ ಗದ್ದೆ ತೋಟ ಇಲ್ಲದವರಿಗೂ ಬಾಯಿಪಾಠವಾಗಿರುವ ಲೆಕ್ಕ. ಆ ರಾತ್ರಿ ಹಳೆಯ ಧ್ವನಿ ಕೇಳಿದ ಕೂಡಲೇ ಅತ್ತೆ ಹಾಸಿಗೆಯಿಂದ ಎದ್ದು ಕುಳಿತು, 'ಅವಳೇ ಹೇಳ್ತಿದಾಳೆ, ಏಳಿ' ಎಂದರು. 2019ರ ಆಗಸ್ಟ್‌ನಲ್ಲಿ ನಮ್ಮ ಮನೆಯೊಳಗೆ ನೀರು ನುಗ್ಗಿ ಹೊಲಿಗೆ ಯಂತ್ರದ ಮೋಟಾರು ಕೆಟ್ಟಿತ್ತು, ಗಿರಾಕಿಗಳ ಬಟ್ಟೆಗೆಲ್ಲ ಕೆಸರು ಹಿಡಿದಿತ್ತು. ಆ ನೆನಪಿರುವವರು ಯಾರೂ ಇಂಥ ಮಾತು ಕೇಳಿ ಸುಮ್ಮನೆ ಕೂರುವುದಿಲ್ಲ. ಬಟ್ಟೆಗಳನ್ನೆಲ್ಲ ಸೀರೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಹಾಕಿ, ಸುರಿಯುವ ಮಳೆಯಲ್ಲಿ ಆಟೋ ಹುಡುಕಿ, ಅತ್ತೆಯನ್ನು ವಿನೋಬನಗರದ ನಾದಿನಿಯ ಮನೆಗೆ ಕರೆದೊಯ್ದೆವು. ಅವರು ಅಲ್ಲಿಗೆ ತಲುಪುವಷ್ಟರಲ್ಲಿ ಚಳಿಗೆ ನಡುಗುತ್ತಿದ್ದರು. ಮರುದಿನವೇ ಜ್ವರ ಬಂತು.

ಬೆಳಿಗ್ಗೆ ಎದುರು ಮನೆಯವರಿಂದ ನಿಜಸಂಗತಿ ತಿಳಿಯಿತು. ಅವರದು ಬೇರೆ ಕೇಬಲ್. ಅದೇ ವಾಚಕಿ ಅದೇ ರಾತ್ರಿ ಅವರ ಮನೆಯ ಟಿವಿಯಲ್ಲಿ ನೇರಪ್ರಸಾರದಲ್ಲಿ ಕುಳಿತು, ಗಾಜನೂರಿನಲ್ಲಿ ಹೊರಹರಿವು ತಗ್ಗಿಸಲಾಗಿದೆ, ತಗ್ಗು ಪ್ರದೇಶದವರು ಎಚ್ಚರದಿಂದಿರಬೇಕು ಆದರೆ ಮನೆ ಬಿಡುವ ಅಗತ್ಯವಿಲ್ಲ ಎಂದು ಓದಿದ್ದರಂತೆ. ಒಬ್ಬರೇ ವ್ಯಕ್ತಿಯ ಬಾಯಿಂದ ಒಂದೇ ರಾತ್ರಿ ಬೀದಿಯ ಈ ಬದಿಗೆ ಒಂದು ಸುದ್ದಿ, ಆ ಬದಿಗೆ ಇನ್ನೊಂದು ಸುದ್ದಿ ತಲುಪಿತು, ಮತ್ತು ಸುಳ್ಳು ತಲುಪಿದ್ದು ತಮ್ಮ ಚಂದಾದಾರರಿಗೆ.

ವಾಚಕರು ವಾಹಿನಿ ಬದಲಿಸುವುದನ್ನು ನಾನು ತಪ್ಪೆನ್ನುವುದಿಲ್ಲ. ಕನ್ನಡ ವಾರ್ತಾ ವಾಹಿನಿಗಳಲ್ಲಿ ಅದು ನಡೆದುಬಂದ ಸಂಗತಿ. ಎಚ್.ಆರ್. ರಂಗನಾಥ್ ಅವರು ಸುವರ್ಣ ನ್ಯೂಸ್ ಬಿಟ್ಟು 2012ರಲ್ಲಿ ಪಬ್ಲಿಕ್ ಟಿವಿ ಆರಂಭಿಸಿದ್ದು ರಾಜ್ಯಕ್ಕೆಲ್ಲ ಗೊತ್ತು. ಅವರು ಹೋದರೆಂದು ಸುವರ್ಣ ನ್ಯೂಸ್ ಬಾಗಿಲು ಹಾಕಲಿಲ್ಲ, ಹೊಸ ಮುಖಗಳನ್ನು ಇಟ್ಟುಕೊಂಡು ನಡೆಯಿತು. ತಮ್ಮ ವಾಹಿನಿಯ ಇಬ್ಬರು ವಾಚಕರು ಒಬ್ಬರ ಹಿಂದೆ ಒಬ್ಬರು ಹೋದಾಗ ಸಂಬಳದ ಮಾತು, ಜಗಳದ ಮಾತು ಊರಿನಲ್ಲಿ ಬಹಳ ಕೇಳಿಬಂತು. ಅವು ನಿಜವೋ ಸುಳ್ಳೋ ಎಂಬುದು ತಮಗೂ ಅವರಿಗೂ ಬಿಟ್ಟ ವಿಷಯ. ವೀಕ್ಷಕರಿಗೆ ಬೇಕಾಗಿದ್ದುದು, 'ಇವರು ಇನ್ನು ಮುಂದೆ ನಮ್ಮಲ್ಲಿ ವಾರ್ತೆ ಓದುವುದಿಲ್ಲ' ಎಂಬ ಒಂದು ಸಾಲು. ಅದನ್ನು ಹೇಳುವ ಬದಲು ತಾವು ಅವರ ಹಳೆಯ ಜಾಹೀರಾತುಗಳನ್ನು ಇಂದಿಗೂ ವಾರ್ತೆಗಿಂತ ಮುಂಚೆ ತೋರಿಸುತ್ತಿದ್ದೀರಿ, 'ನಿಮ್ಮ ನೆಚ್ಚಿನ ವಾಚಕರೊಂದಿಗೆ' ಎಂಬ ಅಡಿಬರಹದ ಸಮೇತ.

ಅವರಿಬ್ಬರೂ ಹೋದ ಮೇಲೆ ವಾಹಿನಿ ಇಳಿಯುತ್ತ ಬಂದ ಬಗೆಯನ್ನೂ ಹೇಳಲೇಬೇಕು. ಮೊದಲು ರಾತ್ರಿಯ ವಾರ್ತೆಯಲ್ಲಿ ಅಡಿಕೆಯ ಧಾರಣೆ ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬೇರೆಬೇರೆಯಾಗಿ, ಕನಿಷ್ಠ ಗರಿಷ್ಠ ಬೆಲೆಯೊಂದಿಗೆ ಬರುತ್ತಿತ್ತು. ಮರುದಿನ ಮೆಸ್ಕಾಂನವರು ಯಾವ ಬಡಾವಣೆಯಲ್ಲಿ ಎಷ್ಟು ಹೊತ್ತು ಕರೆಂಟ್ ತೆಗೆಯುತ್ತಾರೆ, ಯಾವ ವಾರ್ಡಿಗೆ ನೀರು ಬರುವುದಿಲ್ಲ, ಊರಿನಲ್ಲಿ ಯಾರು ತೀರಿಕೊಂಡರು, ಮಣ್ಣು ಎಷ್ಟು ಹೊತ್ತಿಗೆ ಎಂಬುದೆಲ್ಲ ತಿಳಿಯುತ್ತಿತ್ತು. ಬೆಂಗಳೂರಿನ ಯಾವ ದೊಡ್ಡ ವಾಹಿನಿಯೂ ಇದನ್ನು ಹೇಳುವುದಿಲ್ಲ. ತಮ್ಮ ವಾಹಿನಿ ಇರಬೇಕಾದದ್ದೇ ಇದಕ್ಕಾಗಿ. ಈಗ ಅಡಿಕೆಯ ದರ ಒಂದು ವಾರದ ಹಿಂದಿನದು. ರಾಜಕಾರಣಿಗಳ ಕಡೆಯವರು ಕಳಿಸಿದ ಪತ್ರಿಕಾ ಹೇಳಿಕೆಯನ್ನು ಒಂದಕ್ಷರ ಬಿಡದೆ ಓದಲಾಗುತ್ತದೆ. ಪರದೆಯ ಕೆಳಭಾಗವನ್ನೆಲ್ಲ ಒಡವೆ ಅಂಗಡಿಯ ಪಟ್ಟಿ ಆವರಿಸಿಕೊಂಡು, ಜಲಾಶಯದ ಒಳಹರಿವು ಹೊರಹರಿವಿನ ಅಂಕಿಗಳು ಅದರ ಹಿಂದೆ ಮರೆಯಾಗುತ್ತವೆ. ಕಾರ್ಯಕ್ರಮದ ಜೊತೆಯಲ್ಲಿ ಪರದೆಯ ಕೆಳಗೆ ಜಾಹೀರಾತಿನ ಬರಹ ಓಡಿಸಿ ಅಡ್ಡಿಪಡಿಸಬಾರದು ಎಂದು 1994ರ ಕೇಬಲ್ ಟೆಲಿವಿಷನ್ ಜಾಲ ನಿಯಮಗಳ 7ನೇ ನಿಯಮವೇ ಹೇಳುತ್ತದೆ. ಅದು ತಮಗೆ ತಿಳಿಯದ ಸಂಗತಿಯಲ್ಲ.

ಇನ್ನು ತಮ್ಮ ಕಚೇರಿಯಲ್ಲಿ ನಡೆದದ್ದು. ಅತ್ತೆಗೆ ಜ್ವರ ಇಳಿದ ಮೇಲೆ, ತಿಂಗಳ ಬಿಲ್ಲಿನ ರಸೀತಿ ಹಿಡಿದುಕೊಂಡು ನಾನೇ ಬಂದೆ. ಸುದ್ದಿ ವಿಭಾಗದವರನ್ನು ಕಾಣಬೇಕೆಂದಾಗ ಕೌಂಟರಿನ ಹುಡುಗ ಮೊಬೈಲಿನಿಂದ ತಲೆ ಎತ್ತದೆ 'ಕಾಯಿರಿ' ಎಂದ. ಇದ್ದ ಎರಡು ಕುರ್ಚಿಗಳ ಮೇಲೆ ಹಳೆಯ ಸೆಟ್‌ಟಾಪ್ ಬಾಕ್ಸ್‌ಗಳನ್ನು ರಾಶಿ ಹಾಕಿದ್ದರಿಂದ ನಿಂತೇ ಕಾದೆ. ನನ್ನ ಹಿಂದೆ ಬಂದು ಬಿಲ್ ಕಟ್ಟುವವರೆಲ್ಲ ಕಟ್ಟಿ ಹೋದರು. ಕೊನೆಗೆ ಮಹಡಿಯಿಂದ ಒಬ್ಬರು ಇಳಿದು ಬಂದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಆ ದಿನ ಅಲ್ಲಿ ಯಾರಿದ್ದರೆಂಬುದು ತಮಗೆ ಗೊತ್ತಾಗುತ್ತದೆ. ಆ ರಾತ್ರಿ ಹಾಕಿದ್ದು ಹಳೆಯ ಸುದ್ದಿಯೆಂದು ನಾನು ಹೇಳಿದೆ.

'ಅದು ಫೈಲ್ ವಿಷುವಲ್ ಆಂಟಿ, ಎಲ್ಲ ಚಾನೆಲ್‌ನವರೂ ಹಾಕ್ತಾರೆ' ಎಂದರು.

ಹಿಂದೆ ಚಿತ್ರೀಕರಿಸಿ ಇಟ್ಟ ದೃಶ್ಯವಾದರೆ ಫೈಲ್ ಎಂದು ಮೇಲೆ ಬರೆಯಬೇಕಲ್ಲವೇ ಎಂದು ಕೇಳಿದೆ. 'ಬರೆದಿರ್ತೀವಿ, ನೀವು ನೋಡಿರಲ್ಲ' ಎಂದರು. ಚಿತ್ರ ಹಳೆಯದಾದರೆ ಒಂದು ಮಾತು, ಮನೆ ಖಾಲಿ ಮಾಡಿ ಎಂಬ ಮಾತೇ ಹಳೆಯದಾದರೆ ಅದು ಹೇಗೆ ಸರಿ, ಅದನ್ನು ಓದಿದವರು ಈಗ ತಮ್ಮಲ್ಲಿ ಇಲ್ಲವೇ ಇಲ್ಲವಲ್ಲ ಎಂದಾಗ ಅವರು ನಕ್ಕುಬಿಟ್ಟರು.

'ಓ, ನೀವು ಅವರ ಫ್ಯಾನಾ? ಹಾಗಾದ್ರೆ ಅವರು ಹೋಗಿರೋ ಚಾನೆಲ್ಲೇ ನೋಡಿ, ಇಲ್ಲಿಗ್ಯಾಕೆ ಬಂದ್ರಿ?'

ಮನೆಯಲ್ಲಿ ಕಣ್ಣು ಕಾಣದ ಹಿರಿಯರಿದ್ದಾರೆ, ಧ್ವನಿ ಕೇಳಿ ನಂಬಿದರು ಎಂದು ವಿವರಿಸಲು ಹೋದೆ. ಅವರು ನನ್ನ ಮಾತು ಮುಗಿಯುವ ಮೊದಲೇ 'ಕಣ್ಣು ಕಾಣಲ್ಲ ಅಂತೀರಿ, ಮತ್ತೆ ಟಿವಿ ಯಾಕೆ ಅವರಿಗೆ?' ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. ಕೌಂಟರಿನ ಹುಡುಗನತ್ತ ತಿರುಗಿ 'ಇವರದು ಯಾವ ಪ್ಯಾಕ್ ನೋಡೋ' ಎಂದರು. ಹುಡುಗ ನನ್ನ ರಸೀತಿ ಕಸಿದುಕೊಂಡಂತೆ ತೆಗೆದುಕೊಂಡು, ಅದರಲ್ಲಿದ್ದ ನಮ್ಮ ಸಂಪರ್ಕದ ಕಾರ್ಡ್ ಸಂಖ್ಯೆ (ವಿಸಿ ನಂಬರ್) ಒತ್ತಿ, ಹಿಂದೆ ನಿಂತಿದ್ದವರಿಗೆಲ್ಲ ಕೇಳುವ ಹಾಗೆ 'ಬೇಸಿಕ್ ಸರ್, ಬರೀ ಫ್ರೀ ಚಾನೆಲ್‌ದು' ಎಂದು ಕೂಗಿದ. 'ಬೇಸಿಕ್ ಪ್ಯಾಕ್ ಇಟ್ಕೊಂಡು ಆಂಕರ್ ಯಾರು, ಫೈಲ್ ಯಾವ್ದು ಅಂತ ವಿಚಾರಣೆ ಮಾಡೋಕೆ ಬಂದಿದಾರೆ' ಎಂದು ಅವರು ಹೇಳಿದಾಗ ಅಲ್ಲಿದ್ದ ಕೆಲವರು ನಕ್ಕರು. ನಕ್ಕವರಲ್ಲಿ ನನ್ನಲ್ಲಿ ರವಿಕೆ ಹೊಲಿಸುವ ಒಬ್ಬರೂ ಇದ್ದರು. ನಾನು ಆಮೇಲೆ ಅವರ ಮುಖ ನೋಡಲಾರದೆ ಹೋದೆ.

2019ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರ ಪದ್ಧತಿ ಬಂದಾಗ, 130 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಕೊಟ್ಟರೆ ಸಾಕು, ಧಾರಾವಾಹಿಯ ಚಾನೆಲ್‌ಗಳು ಬೇಡವೆಂದರೂ ನಮ್ಮ ವಾರ್ತೆ ಬಂದೇ ಬರುತ್ತದೆ ಎಂದು ಮನೆಮನೆಗೆ ಬಂದು ಹೇಳಿದವರು ತಮ್ಮ ಹುಡುಗರೇ. ಅಂದಿನಿಂದ ಒಂದು ತಿಂಗಳೂ ಬಾಕಿ ಉಳಿಸಿಕೊಳ್ಳದೆ ಕಟ್ಟಿದ್ದೇನೆ. ಕಡಿಮೆ ಹಣದ ಪ್ಯಾಕ್ ಇರುವವರ ಮನೆಗೆ ನುಗ್ಗುವ ನೀರು ಕಡಿಮೆಯಾಗುತ್ತದೆಯೇ? ಅವರಿಗೆ ಸುಳ್ಳು ಎಚ್ಚರಿಕೆ ಕೊಡಬಹುದೆಂದು ಯಾವ ನಿಯಮ ಹೇಳುತ್ತದೆ?

ಲಿಖಿತ ದೂರು ಕೊಡುತ್ತೇನೆ ಎಂದಾಗ ಅವರು ರಿಮೋಟ್, ಬಾಕ್ಸ್, ಸಿಗ್ನಲ್ ತೊಂದರೆಗಳನ್ನು ಬರೆಯುವ ಪುಸ್ತಕವನ್ನು ಎಳೆದು, ನಾನು ಹೇಳಿದ್ದೇನನ್ನೂ ಬರೆಯದೆ 'ಚಿತ್ರ ಸರಿಯಾಗಿ ಬರುತ್ತಿಲ್ಲ' ಎಂದು ತಾವೇ ಬರೆದುಕೊಂಡರು. ಮರುದಿನ ಒಬ್ಬ ಹುಡುಗ ಏಣಿ ತಂದು, ಸರಿಯಾಗಿಯೇ ಇದ್ದ ವೈರಿನ ತುದಿ ಕತ್ತರಿಸಿ ಹೊಸ ಜ್ಯಾಕ್ ಹಾಕಿ ಹೋದ. ಸಂಜೆ ಮೊಬೈಲಿಗೆ 'ನಿಮ್ಮ ದೂರನ್ನು ಪರಿಹರಿಸಲಾಗಿದೆ' ಎಂಬ ಸಂದೇಶ ಬಂತು. ನನ್ನ ದೂರು ಪರಿಹಾರವಾಗಿಲ್ಲ, ದಾಖಲೇ ಆಗಿಲ್ಲ.

ಕೇಬಲ್ ಸಂಸ್ಥೆಗಳು ತಾವೇ ನಡೆಸುವ ವಾಹಿನಿಗಳ ಬಗ್ಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2022ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ತಮ್ಮ ಕಚೇರಿಯಲ್ಲಿ ಇದ್ದೇ ಇರುತ್ತದೆ. ಅದರಂತೆ ಇಂಥ ವಾಹಿನಿಯಲ್ಲಿ ಪ್ರಸಾರವಾದ ಎಲ್ಲದರ ರೆಕಾರ್ಡ್ ಮಾಡಿದ ಪ್ರತಿಯನ್ನು 90 ದಿನ ಕಾಪಾಡಿಕೊಳ್ಳಬೇಕು. ಆ ರಾತ್ರಿಯ ವಾರ್ತೆಗೆ ಇನ್ನೂ ಆ ಅವಧಿ ಮುಗಿದಿಲ್ಲ. ಆದ್ದರಿಂದ 'ಫೈಲ್ ಎಂದು ಬರೆದಿದ್ದೆವು' ಎಂಬ ಮಾತು ನಿಜವೇ ಎಂಬುದನ್ನು ತಾವೇ ಕುಳಿತು ನೋಡಬಹುದು. ಆ ಪ್ರತಿ ಅಳಿಸಿಹೋಗಿದೆ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಸುಳ್ಳು ಮತ್ತು ಅರ್ಧಸತ್ಯಗಳನ್ನು ಪ್ರಸಾರ ಮಾಡಬಾರದೆಂಬುದು ಅದೇ 1994ರ ನಿಯಮಗಳ 6ನೇ ನಿಯಮದಲ್ಲಿರುವ ಕಾರ್ಯಕ್ರಮ ಸಂಹಿತೆಯ ಮಾತು.

ನಾನು ಹಣದ ಪರಿಹಾರ ಕೇಳುತ್ತಿಲ್ಲ. ಆ ರಾತ್ರಿ ತೋರಿಸಿದ ಎಚ್ಚರಿಕೆ ಹಳೆಯದೆಂಬುದನ್ನು ರಾತ್ರಿಯ ವಾರ್ತೆಯಲ್ಲಿ, ಅದೇ ಹೊತ್ತಿಗೆ, ಸ್ಪಷ್ಟವಾಗಿ ಓದಿ ಹೇಳಬೇಕು, ಬರಹದಲ್ಲಿ ಮಾತ್ರ ತೋರಿಸಿದರೆ ನಮ್ಮತ್ತೆಯಂಥವರಿಗೆ ತಲುಪುವುದಿಲ್ಲ. ಬಿಟ್ಟುಹೋದ ಇಬ್ಬರು ವಾಚಕರ ಜಾಹೀರಾತು ಮತ್ತು ಹಳೆಯ ತುಣುಕುಗಳನ್ನು ನಿಲ್ಲಿಸಿ, ಅವರು ಈಗ ತಮ್ಮಲ್ಲಿಲ್ಲ ಎಂದು ತಿಳಿಸಬೇಕು. ಮಳೆಗಾಲ ಮುಗಿಯುವವರೆಗೆ ನದಿ ಮತ್ತು ಜಲಾಶಯದ ಅಂಕಿಗಳನ್ನು ಓದುವಾಗಲಾದರೂ ಒಡವೆ ಅಂಗಡಿಯ ಪಟ್ಟಿಯನ್ನು ತೆಗೆಯಬೇಕು. ಹೊಸ ವಾಚಕರನ್ನು ನಾನು ದೂರುವುದಿಲ್ಲ. ಅವರ ಕೈಗೆ ಕಾಗದ ಕೊಡುವ ಮುನ್ನ ಊರು ಬಲ್ಲವರೊಬ್ಬರು ಅದನ್ನು ಓದಿ ನೋಡಲಿ. ಕೌಂಟರಿನ ಎದುರು ನಮ್ಮತ್ತೆಯ ಬಗ್ಗೆ ಆಡಿದ ಮಾತಿಗೆ ಅದನ್ನಾಡಿದವರೇ ಲಿಖಿತವಾಗಿ ಕ್ಷಮೆ ಕೇಳಬೇಕು.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದಲ್ಲಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕೇಬಲ್ ಟಿವಿ ಮೇಲ್ವಿಚಾರಣಾ ಸಮಿತಿಗೆ ದೂರು ಕೊಟ್ಟು, ಆ ರಾತ್ರಿಯ ರೆಕಾರ್ಡ್ ಮಾಡಿದ ಪ್ರತಿಯನ್ನು ತರಿಸಿಕೊಳ್ಳುವಂತೆ ಕೋರುತ್ತೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಲ್ಲಿಸಬೇಕಾದ ಅರ್ಜಿಯೂ ಸಿದ್ಧವಿದೆ. ಆ ರಾತ್ರಿ ನಮ್ಮ ಹಾಗೆಯೇ ಮನೆ ಬಿಟ್ಟು ಹೊರಟಿದ್ದ ನಮ್ಮ ಬೀದಿಯ ಬೇರೆ ಕುಟುಂಬಗಳವರು ಅದಕ್ಕೆ ಸಹಿ ಹಾಕಲು ಒಪ್ಪಿದ್ದಾರೆ. ಅವರೆಲ್ಲರೂ ತಮ್ಮ ಚಂದಾದಾರರು. ಮುಂದಿನ ತಿಂಗಳ ಬಿಲ್ ಕೇಳಲು ಬರುವ ಹುಡುಗನ ಕೈಗೆ ಸೆಟ್‌ಟಾಪ್ ಬಾಕ್ಸ್‌ಗಳನ್ನೇ ಕೊಟ್ಟು ಕಳಿಸುವುದೆಂದು ಅವರು ಆಗಲೇ ಮಾತಾಡಿಕೊಂಡಿದ್ದಾರೆ, ಮತ್ತು ನಾನು ಅವರನ್ನು ತಡೆಯುವುದಿಲ್ಲ.

ಇಂತಿ,
ತಮ್ಮ ಚಂದಾದಾರಳು,
ಕುಂಬಾರ ಗುಂಡಿ, ಶಿವಮೊಗ್ಗ.

ಲಗತ್ತು: ಬಿಲ್ ರಸೀತಿಯ ನಕಲು, 'ದೂರನ್ನು ಪರಿಹರಿಸಲಾಗಿದೆ' ಎಂಬ ಸಂದೇಶದ ಪ್ರತಿ.