ಕೂಗಿದರೆ ಬರುತ್ತದೆ ಅಂದೆಯಲ್ಲ

ಮಗಳೇ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಗೋಕರ್ಣ, ಮರವಂತೆ ಪ್ರವಾಸ, ಜೊತೆಗೆ ನಿನ್ನ ನಾಯಿ ಬೂಂದಿ, ಎಲ್ಲ ಸರಿ. ಆದರೆ ಬೀಚಿನಲ್ಲಿ ಚೈನು ಬಿಚ್ಚಿಬಿಡ್ತೀನಿ ದೊಡ್ಡಪ್ಪ, ಕೂಗಿದರೆ ಬರುತ್ತೆ ಅಂತ ಬರೆದಿದ್ದೀಯಲ್ಲ, ಆ ಸಾಲು ನನ್ನ ನಿದ್ದೆ ಕೆಡಿಸಿತು.

ನಮ್ಮ ಕರಿಯನೂ ಕೂಗಿದರೆ ಬರುತ್ತಿದ್ದ. ಅವನು ಕಳೆದುಹೋದದ್ದು ನಿಮ್ಮಪ್ಪನಿಗೆ ಗೊತ್ತು, ಆಮೇಲಿನದು ಗೊತ್ತಿಲ್ಲ, ನಾನು ಹೇಳಲಿಲ್ಲ. ನಾಮದ ಚಿಲುಮೆಗೆ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಕಾಡಿಗೆ ನಾಯಿ ಕರೆದುಕೊಂಡು ಹೋಗುವುದೇ ತಪ್ಪು, ಆಗ ಅಷ್ಟು ಬುದ್ಧಿ ಇರಲಿಲ್ಲ. ಕೋತಿಯೊಂದು ಚಿತ್ರಾನ್ನದ ಡಬ್ಬಿಗೆ ಕೈ ಹಾಕಿತು, ಕರಿಯ ಅಟ್ಟಿಸಿಕೊಂಡು ಪೊದೆಯೊಳಗೆ ನುಗ್ಗಿದ. ಹಗ್ಗ ಬಿಚ್ಚಿದ್ದು ನಾನೇ. ಗಂಟಲು ಕಟ್ಟುವ ತನಕ ಕೂಗಿದೆ. ದೇವರಾಯನದುರ್ಗದ ಕಾಡು, ಚಿರತೆ ಓಡಾಡುವ ಜಾಗ, ಕೊನೆಯ ಬಸ್ಸು ಬೇರೆ ಬಂತು, ಮಕ್ಕಳನ್ನು ಹತ್ತಿಸಿ ನಾನೂ ಹತ್ತಿಬಿಟ್ಟೆ. ಮೂರನೇ ದಿನ ಒಬ್ಬನೇ ಹೋದಾಗ ಟೀ ಅಂಗಡಿಯವನು ಹೇಳಿದ, ನೀವು ಹೋದ ಮೇಲೆ ಬಂತು ಸ್ವಾಮಿ, ನೀವು ಉಂಡ ಜಾಗದಲ್ಲೇ ಕತ್ತಲಾಗುವ ತನಕ ಕೂತಿತ್ತು ಅಂತ.

ಅದಕ್ಕೇ ಹೇಳೋದು, ಬರುತ್ತೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ, ಯಾವಾಗ ಅನ್ನುವುದೇ ಭಯ. ದೇವರು ದೊಡ್ಡವನು, ಹಾಗೇನಾದರೂ ಆದರೆ ಜಾಗ ಬಿಟ್ಟು ಕದಲಬೇಡ. ಕದಲಲೇಬೇಕಾದರೆ ನೀನು ಉಟ್ಟ ಬಟ್ಟೆ ಒಂದನ್ನು ಅಲ್ಲೇ ಬಿಟ್ಟು ಹೋಗು, ವಾಸನೆ ಹಿಡಿದು ಕಾಯುತ್ತವೆ. ನನಗೆ ಹೆಗಲ ಮೇಲೆ ಟವಲ್ ಇತ್ತು, ಹೊಳೆಯಲಿಲ್ಲ.

ಮರವಂತೆಯಲ್ಲಂತೂ ಬಿಚ್ಚಲೇಬೇಡ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಲಾರಿ ಓಡುವ ಹೆದ್ದಾರಿ. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮೇಲಿನ ದಾರಿ ಇದೆ, ಬೆಳಿಗ್ಗೆ ಬೇಗ ನಡೆದರೆ ಇಬ್ಬರಿಗೂ ಖುಷಿ. ಆದರೆ ಅಲ್ಲಿನ ಬೀದಿನಾಯಿಗಳಿಗೆ ಅದು ಅವುಗಳ ಊರು, ಒಟ್ಟಾಗಿ ಬಂದರೆ ಬೂಂದಿ ಯಾವ ದಿಕ್ಕಿಗೆ ಓಡುತ್ತಾಳೋ. ಮತ್ತೆ ಅದೇ ಮಾತಿಗೆ ಬಂದೆ, ಬೇಜಾರಾಗಬೇಡ. ಉಪ್ಪುನೀರು ಕುಡಿದರೆ ವಾಂತಿ, ಭೇದಿ ಆಗುತ್ತದೆ, ಸಿಹಿನೀರು ಇಟ್ಟುಕೊಂಡಿರು. ಮಧ್ಯಾಹ್ನದ ಮರಳಿನ ಮೇಲೆ ನಿನ್ನ ಅಂಗೈ ಐದು ಸೆಕೆಂಡ್ ಇಡಲಾಗದಿದ್ದರೆ ಅವಳ ಪಾದಕ್ಕೂ ಬೇಡ. ನಿನಗೆ ಇವೆಲ್ಲ ಗೊತ್ತಿರುತ್ತೆ ಬಿಡು, ನಾನು ಸುಮ್ನೆ ಹೇಳ್ತಿದೀನಿ.

ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ಅಂತ ಅವಳನ್ನು ಕಾರಿನಲ್ಲಿ ಬಿಟ್ಟು ಇಳಿಯಬೇಡ. ಹೊರಗೆ 30 ಡಿಗ್ರಿ ಇದ್ದರೆ ಅರ್ಧ ಗಂಟೆಯಲ್ಲಿ ಒಳಗೆ 45 ದಾಟುತ್ತದೆ, ಗಾಜು ಸ್ವಲ್ಪ ಇಳಿಸಿದರೆ ಸಾಲದು. ಇಡ್ಲಿ ನಾನೇ ತಂದಿಟ್ಟಿರುತ್ತೇನೆ, ನೇರ ಮನೆಗೆ ಬಾ. ಪೇಟೆಯಿಂದ 30 ಅಡಿ ಹಗ್ಗವೂ ತಂದಿದ್ದೇನೆ. ಕತ್ತಿನ ಬೆಲ್ಟಿಗೆ ಬೇಡ, ಎದೆಗೆ ಹಾಕುವ ಬೆಲ್ಟಿಗೆ ಕಟ್ಟು. ಅಷ್ಟು ಉದ್ದ ಇದ್ದರೆ ಅಲೆಯ ತನಕ ಓಡಬಹುದು, ಅಲ್ವಾ?

ನಿನ್ನ ದೊಡ್ಡಪ್ಪ,
ತುಮಕೂರು