ಚಿತ್ರದುರ್ಗದ ಗೆಳೆಯನಿಗೆ: ಹಿಡಿಕೆಯಿಲ್ಲದ ಬಟ್ಟಲಿನ ಚಾ

ದಾವಣಗೆರೆ

ಪ್ರೀತಿಯ ಗೆಳೆಯಾ,

ಕೈಯಿಂದ ಮಾಡಿದ ಪಿಂಗಾಣಿ ಬಟ್ಟಲು ತರಿಸಿದ್ದೀಯ, ಅದರಲ್ಲಿ ಚಾ ಹೇಗೆ ಕುಡಿಯಬೇಕು ಅಂತ ಕೇಳಿದ್ದೀಯ. ನಮ್ಮ ಕಡೆ ಚಾ ಅಂದರೆ ಮಿರ್ಚಿ ಮಂಡಕ್ಕಿ ಆದಮೇಲೆ ಗ್ಲಾಸಿನಲ್ಲಿ ಬರುವ ಅರ್ಧ ಚಾ. ನಿಂತಲ್ಲೇ ನಾಲ್ಕು ಗುಟುಕಿಗೆ ಮುಗಿಯುತ್ತದೆ. ಅದನ್ನು ಬಿಡು ಅನ್ನುತ್ತಿಲ್ಲ. ಆದರೆ ಬಟ್ಟಲಿನ ಚಾದ ರೀತಿಯೇ ಬೇರೆ. ಅದಕ್ಕೆ ಹಿಡಿಕೆ ಇಲ್ಲ, ಎರಡೂ ಕೈ ಬೇಕು, ಬಿಸಿ ತಾಳದಿದ್ದರೆ ಎತ್ತಲು ಆಗುವುದಿಲ್ಲ. ಮನಸ್ಸಿಟ್ಟು ಕುಡಿ ಅಂತ ಯಾರೂ ಹೇಳಬೇಕಾಗಿಲ್ಲ, ಬಟ್ಟಲೇ ನಿನ್ನನ್ನು ಕಾಯುವಂತೆ ಮಾಡುತ್ತದೆ. ಹಾಗೆ ಬಿಸಿ ಆರುವ ತನಕ ಕಾಯುವುದು ಮೈಗೂ ಒಳ್ಳೆಯದು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಕುಡಿಯುವ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲೇ ಹೇಳಿದೆ.

ಮೊದಲು ಬಟ್ಟಲನ್ನು ಪರೀಕ್ಷೆ ಮಾಡು. ಅಂಗೈ ಮೇಲಿಟ್ಟು ಅಂಚಿಗೆ ಉಗುರಿನಿಂದ ತಟ್ಟು. ಟಣ್ ಅಂದರೆ ಚೆನ್ನಾಗಿ ಸುಟ್ಟಿದೆ. ಮಂದ ಸದ್ದು ಬಂದರೆ ಒಂದೋ ಕಡಿಮೆ ಶಾಖದಲ್ಲಿ ಸುಟ್ಟಿದ್ದು, ಇಲ್ಲವೇ ಎಲ್ಲೋ ಕೂದಲೆಳೆ ಬಿರುಕಿದೆ. ಉಪ್ಪಿನಕಾಯಿ ಭರಣಿಯಂಥ ಸ್ಟೋನ್‌ವೇರನ್ನು 1200 ಡಿಗ್ರಿಯ ಆಚೀಚೆ ಸುಡುತ್ತಾರೆ. ಊರ ಕುಂಬಾರರ ಆವಿಗೆಯಲ್ಲಿ 1000 ಡಿಗ್ರಿ ಮುಟ್ಟುವುದೇ ಅಪರೂಪ, ಹಾಗಾಗಿ ಆ ಮಣ್ಣು ನೀರು ಕುಡಿಯುತ್ತದೆ. ನಿನ್ನದು ಯಾವುದು ಅಂತ ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ಒಣಗಿದ ಬಟ್ಟಲನ್ನು ತೂಗು, ಒಂದು ದಿನ ನೀರಿನಲ್ಲಿ ಮುಳುಗಿಸಿಡು, ಒರೆಸಿ ಮತ್ತೆ ತೂಗು. 300 ಗ್ರಾಮಿನ ಬಟ್ಟಲು 3 ಗ್ರಾಂ ಹೆಚ್ಚಿದರೆ ಚಿಂತೆಯಿಲ್ಲ. 30 ಗ್ರಾಂ ಹೆಚ್ಚಿದರೆ ಅದು ಕಡಿಮೆ ಶಾಖದಲ್ಲಿ ಸುಟ್ಟ ಮೆದುಮಣ್ಣಿನ ಬಟ್ಟಲು, ಅದರ ಆರೈಕೆಯೇ ಬೇರೆ.

ಒಳಗಿನ ಗ್ಲೇಜಿನ, ಅಂದರೆ ಗಾಜಿನಂಥ ಹೊಳಪು ಲೇಪದ ಮೇಲೆ ಒಂದು ಹೋಳು ನಿಂಬೆಹಣ್ಣು ರಾತ್ರಿಯಿಡೀ ಇಡು. ಬೆಳಿಗ್ಗೆ ಆ ಜಾಗ ಮಂಕಾಗಿದ್ದರೆ ಅಥವಾ ಬಣ್ಣ ಬದಲಾಗಿದ್ದರೆ ಆ ಗ್ಲೇಜು ಹುಳಿಗೆ ಕರಗುತ್ತಿದೆ ಅಂತ ಅರ್ಥ. ಅಂಥದ್ದರಲ್ಲಿ ಕುಡಿಯಬೇಡ, ಹೂವಿಡು. ಈ ಪರೀಕ್ಷೆಯಲ್ಲಿ ಪಾಸಾದರೂ ಗ್ಲೇಜಿನಲ್ಲಿ ಸೀಸ ಇಲ್ಲವೆಂದು ಗ್ಯಾರಂಟಿ ಆಗುವುದಿಲ್ಲ. ಆದ್ದರಿಂದ ಊಟಕ್ಕೆ ಬಳಸುವ ಗ್ಲೇಜು ಹೌದೇ ಎಂದು ಮಾಡಿದವರನ್ನು ಕೇಳಿಯೇ ಬಿಡು. ಷೋಕೇಸಿಗೆಂದು ಮಾಡಿದ ಬಟ್ಟಲುಗಳೂ ಮಾರಾಟಕ್ಕೆ ಬರುತ್ತವೆ.

ಇನ್ನು ನೀರು. ನಿಮ್ಮ ಊರಲ್ಲಿ ಚಾ ಕೆಡುವುದು ಇಲ್ಲೇ. ಕೊಳವೆಬಾವಿಯ ಗಡಸು ನೀರಿನಲ್ಲಿ ಹಾಲಿಲ್ಲದ ಚಾ ಮಾಡಿದರೆ ಮೇಲೆ ಕಂದು ಪೊರೆ ಕಟ್ಟುತ್ತದೆ, ಬಣ್ಣ ಕಪ್ಪಿಡುತ್ತದೆ, ಪರಿಮಳ ಸಾಯುತ್ತದೆ. ನೀರಿನ ಸುಣ್ಣದಂಶ ಚಾದ ಒಗರಿನೊಂದಿಗೆ ಸೇರಿ ಹಾಗಾಗುತ್ತದೆ. ನಿಮ್ಮ ಜಿಲ್ಲೆಯ ಎಷ್ಟೋ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಕೂಡ ಹೆಚ್ಚು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ಚಾ ಎಲೆಯಲ್ಲೂ ಫ್ಲೋರೈಡ್ ಇರುವುದರಿಂದ ಬೋರ್ ನೀರು ಬೇಡವೇ ಬೇಡ. ಶಾಂತಿಸಾಗರದಿಂದಲೋ ವಾಣಿವಿಲಾಸ ಸಾಗರದಿಂದಲೋ ಬರುವ ನಲ್ಲಿ ನೀರು ಸಿಕ್ಕರೆ ಅದನ್ನೇ ಕುದಿಸಿ, ತಳಕ್ಕೆ ಬಿಳಿ ಕೂತ ಮೇಲೆ ತಿಳಿಯನ್ನು ಬಗ್ಗಿಸಿಕೋ. ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರಾದರೂ ಆದೀತು. ಅದರಲ್ಲಿ ಲವಣ ತೀರಾ ಕಡಿಮೆಯಿದ್ದರೆ ಚಾ ಸಪ್ಪೆ ಅನಿಸುತ್ತದೆ. ಅದಕ್ಕೆ ಕಾಲು ಭಾಗ ಕುದಿಸಿದ ನಲ್ಲಿ ನೀರು ಬೆರೆಸು.

ಚಾಪುಡಿ ಅಂಗಡಿಯ ಕಾಳುಕಾಳು ಸಿಟಿಸಿ ಪುಡಿ ಇದಕ್ಕೆ ಆಗದು. ಅದು ಹಾಲು ಹಾಕಿ ಕುದಿಸಲೆಂದೇ ಇರುವುದು. ಬರೀ ನೀರಿಗೆ ಬಿದ್ದರೆ ನಿಮಿಷದಲ್ಲೇ ಕಹಿ, ತಳದಲ್ಲಿ ಚರಟ. ನೀಲಗಿರಿಯ ಆರ್ಥೊಡಾಕ್ಸ್ ಎಲೆ ತರಿಸು, ಇಡೀ ಎಲೆ ಸುರುಳಿ ಸುತ್ತಿದ್ದು. ಡಿಸೆಂಬರ್‌ನಿಂದ ಫೆಬ್ರವರಿಯ ಚಳಿಯಲ್ಲಿ ಕಿತ್ತದ್ದಾದರೆ ಪರಿಮಳ ಹೆಚ್ಚು.

ಬಟ್ಟಲಿಗೆ ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಬಿಸಿನೀರು ಹಾಕಿ ಚೆಲ್ಲು. ತಣ್ಣಗಿರುವ ಬಟ್ಟಲಿಗೆ ಕುದಿನೀರು ಸುರಿದರೆ ಒಳಮೈ ಹಿಗ್ಗುತ್ತದೆ, ಹೊರಮೈ ಅಷ್ಟು ಬೇಗ ಹಿಗ್ಗುವುದಿಲ್ಲ, ಬಟ್ಟಲು ಸೀಳಬಹುದು. ಡಿಸೆಂಬರ್ ಬೆಳಗಿನಲ್ಲಿ ಇನ್ನೂ ಹುಷಾರು. ಎಲೆಯನ್ನು ಬಟ್ಟಲಿಗೇ ಹಾಕು, 2 ಗ್ರಾಂ ಎಲೆಗೆ 150 ಎಂ.ಎಲ್. ನೀರು. ಚಮಚದ ಲೆಕ್ಕ ನಂಬಬೇಡ, ಎಲೆ ಉಬ್ಬಿರುವುದರಿಂದ ಚಮಚಕ್ಕೊಂದು ತೂಕ ಬರುತ್ತದೆ. ದುರ್ಗದ ಎತ್ತರದಲ್ಲಿ ನೀರು 98 ಡಿಗ್ರಿಗೂ ಸ್ವಲ್ಪ ಮೊದಲೇ ಕುದಿಯುತ್ತದೆ, ಕಪ್ಪು ಚಾಕ್ಕೆ ಅದು ಹಾಗೇ ಸರಿ. ಹಸಿರು ಚಾಕ್ಕೆ 80 ಡಿಗ್ರಿ ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ಕುದಿದ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎರಡು ಸಲ ಬಗ್ಗಿಸು. ಬಟ್ಟಲನ್ನು ಮುಕ್ಕಾಲಿಗಿಂತ ಮೇಲೆ ತುಂಬಬೇಡ. ಅಂಚು ತಣ್ಣಗಿದ್ದರೆ ಹೆಬ್ಬೆರಳಿಗೆ ಜಾಗ ಸಿಗುತ್ತದೆ. ಹೆಬ್ಬೆರಳು ಅಂಚಿಗೆ, ಉಳಿದ ಬೆರಳು ಬಟ್ಟಲಿನ ಪಾದಕ್ಕೆ, ಅಂದರೆ ಕೆಳಗಿನ ಬಳೆಯಂಥ ಅಂಚಿಗೆ, ಇನ್ನೊಂದು ಕೈ ತಳಕ್ಕೆ.

ಎಲೆ ಬಿಚ್ಚಿ ಮುಳುಗುವ ತನಕ ಮೂರ್ನಾಲ್ಕು ನಿಮಿಷ ಬೇರೇನೂ ಮಾಡಬೇಡ. ಫೋನು ಇನ್ನೊಂದು ಕೋಣೆಯಲ್ಲಿರಲಿ. ಮೊದಲು ಆವಿಯ ವಾಸನೆ ತಗೋ. ಮೊದಲ ಗುಟುಕನ್ನು ನುಂಗುವ ಮುಂಚೆ ಬಾಯಲ್ಲಿ ಹರಡಿಸು: ಒಗರು ಕೆನ್ನೆಯ ಒಳಗೆ ತಿಳಿಯುತ್ತದೆ, ಸಿಹಿ ನುಂಗಿದ ಮೇಲೆ ಗಂಟಲಿಂದ ಬರುತ್ತದೆ. ಪೂರ್ತಿ ಬರಿದು ಮಾಡಬೇಡ, ಮೂರನೇ ಒಂದು ಪಾಲು ಉಳಿದಾಗಲೇ ಮತ್ತೆ ಬಿಸಿನೀರು ಹಾಕು. ಬರಿದಾದರೆ ಮುಂದಿನದು ನೀರಾಗುತ್ತದೆ. ಹೀಗೆ ಎರಡು ಮೂರು ಸಲ ಬರುತ್ತದೆ, ಒಂದೊಂದರ ರುಚಿ ಒಂದೊಂದು. ಕಹಿಯಾದರೆ ಎಲೆ ಕಡಿಮೆ ಮಾಡು, ಸಕ್ಕರೆಗೆ ಕೈ ಹಾಕಬೇಡ.

ಮೆದುಮಣ್ಣಿನ ಬಟ್ಟಲಾದರೆ, ಗ್ಲೇಜಿನಲ್ಲಿ ಸಣ್ಣ ಗೀರುಗಳ ಬಲೆ ಇದ್ದರೂ ಅಷ್ಟೇ, ಬಳಸುವ ಮುಂಚೆ ಗಂಜಿ ತಿಳಿಯಲ್ಲಿ ಕುದಿಸು. ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ತಣ್ಣನೆಯ ತಿಳಿಯಲ್ಲಿ ಬಟ್ಟಲಿಟ್ಟು, ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಅಲ್ಲೇ ಆರಲು ಬಿಟ್ಟು ತೊಳೆ. ಗಂಜಿ ಸಣ್ಣ ತೂತುಗಳನ್ನು ತುಂಬುತ್ತದೆ, ಜಿನುಗುವುದು ಕಡಿಮೆಯಾಗುತ್ತದೆ. ಇಂಥ ಬಟ್ಟಲಿಗೆ ಸೋಪು ತಾಗಿಸಬೇಡ, ಆ ವಾಸನೆ ಮುಂದಿನ ಚಾದಲ್ಲಿ ಬರುತ್ತದೆ. ಮೈಕ್ರೋವೇವ್‌ಗೂ ಇಡಬೇಡ. ತೊಳೆದು ಪೂರ್ತಿ ಒಣಗಿಸದೆ ಡಬ್ಬದಲ್ಲಿಟ್ಟರೆ ಮಳೆಗಾಲದಲ್ಲಿ ಪಾದಕ್ಕೆ ಬೂಷ್ಟು ಹಿಡಿಯುತ್ತದೆ. ಹಾಲಿನ ಚಾವನ್ನೂ ಅದರಲ್ಲಿ ಕುಡಿಯಬೇಡ. ಹಾಲಿನ ಜಿಡ್ಡು ಮಣ್ಣಿಗೆ ಇಳಿದರೆ ಹುಳಿ ವಾಸನೆ ಬಿಡಿಸಲಾಗದು. ಹಾಲಿನ ಚಾ ಬೇಕೆನಿಸಿದಾಗ ಪೂರ್ತಿ ಗ್ಲೇಜು ಮಾಡಿದ ಸ್ಟೋನ್‌ವೇರ್ ಬಟ್ಟಲು ಬಳಸು.

ಬಟ್ಟಲಿನ ಒಣ ತೂಕ, ನೆನೆದ ತೂಕ ಎರಡನ್ನೂ ಬರೆದು ಕಳಿಸು, ಬಟ್ಟಲಿನ ಒಳಗಿನದ್ದೂ ಪಾದದ್ದೂ ಒಂದೊಂದು ಫೋಟೋ ಇರಲಿ.

ನಿನ್ನ ಗೆಳೆಯ