ಮುಂದಿನ ತಿಂಗಳಿಂದ ನಮ್ಮ ಮಿಲ್ಲು ಹಗಲು ಮಾತ್ರ ಓಡುತ್ತದೆ

ಪ್ರೀತಿಯ ಗ್ರಾಹಕರಿಗೆ ಉಡುಪಿಯಿಂದ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಬರುವ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಎಣ್ಣೆ ಮಿಲ್ಲು, ಹಿಟ್ಟಿನ ಗಿರಣಿ ಎರಡೂ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೆ ಮಾತ್ರ ಓಡುತ್ತವೆ. ಸಂಜೆ ನಾಲ್ಕರ ಮೇಲೆ ಮೆಷಿನ್ ಹಾಕುವುದಿಲ್ಲ. ಅಂಗಡಿ ಮಾತ್ರ ಎಂದಿನಂತೆ ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ಕೆಲಸ ಮುಗಿಸಿ ಬರುವವರು ಕೊಬ್ಬರಿ, ಗೋಧಿ, ಮೆಣಸು ಸಂಜೆ ಕೊಟ್ಟುಹೋಗಿ, ಮರುದಿನ ಸಂಜೆ ಬಂದು ಎಣ್ಣೆ, ಹಿಟ್ಟು, ಹುಡಿ ತಗೊಂಡು ಹೋಗಬಹುದು. ದರ ಈಗಿನದ್ದೇ.

ಎದುರು ನಿಂತು ಹಿಟ್ಟು ಮಾಡಿಸಿಕೊಂಡು ಹೋಗುವ ಅಭ್ಯಾಸ ತುಂಬಾ ಜನರಿಗಿದೆ. ಅವರಿಗೆ ಇದು ಸ್ವಲ್ಪ ತೊಂದರೆಯೇ, ಗೊತ್ತು. ಅದಕ್ಕೇ ಕಾರಣವನ್ನು ಪೂರ್ತಿ ಹೇಳಬೇಕು ಅನಿಸಿತು.

ಮಿಲ್ಲಿನ ಮಾಡಿನ ಮೇಲೆ 15 ಕಿಲೋವ್ಯಾಟ್‌ನ ಸೋಲಾರ್ ಪ್ಯಾನೆಲ್ ಹಾಕಿದ್ದೇವೆ. ಒಂದು ಕಿಲೋವ್ಯಾಟ್‌ಗೆ ಸುಮಾರು ನೂರು ಚದರ ಅಡಿ ಜಾಗ ಬೇಕು. ಒಳ್ಳೆಯ ಬಿಸಿಲಿದ್ದ ದಿನ ಅಷ್ಟರಿಂದ ನಾಲ್ಕೈದು ಯೂನಿಟ್ ಕರೆಂಟ್ ಸಿಗುತ್ತದೆ. ಅದರಲ್ಲಿ ಹೆಚ್ಚಿನದು ಬರುವುದು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗೆ. ಆ ಹೊತ್ತಿಗೆ ಮೆಷಿನ್ ಓಡಿದರೆ ಮಾಡಿನ ಕರೆಂಟ್ ನೇರವಾಗಿ ಮೋಟಾರಿಗೆ ಹೋಗುತ್ತದೆ.

ಕೆಲವರು ಕೇಳಿದರು: ಹಗಲಿನ ಕರೆಂಟನ್ನು ಮೆಸ್ಕಾಂ ಲೈನಿಗೆ ಕೊಟ್ಟು ಸಂಜೆ ವಾಪಸ್ ತಗೊಳ್ಳಬಹುದಲ್ವಾ, ನೆಟ್ ಮೀಟರಿಂಗ್ ಇದೆಯಲ್ಲ ಎಂದು. ಬಿಲ್ಲಿನ ಲೆಕ್ಕಕ್ಕೆ ಅದು ನಡೆಯುತ್ತದೆ. ಆದರೆ ಸಂಜೆ ಮೋಟಾರಿಗೆ ಬರುವ ಕರೆಂಟ್ ಬಿಸಿಲಿನದ್ದಾಗಿರುವುದಿಲ್ಲ. ಸೂರ್ಯ ಇಳಿದರೆ ಪಾವಗಡದ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಕೂಡ ನಿಲ್ಲುತ್ತದೆ. ಅದೇ ಹೊತ್ತಿಗೆ ಮನೆಮನೆಯಲ್ಲಿ ಲೈಟು, ಫ್ಯಾನು, ಮಿಕ್ಸಿ ಶುರು. ಆಗ ವಾರಾಹಿಯಂಥ ಜಲವಿದ್ಯುತ್ ಕೇಂದ್ರಗಳೂ ಕಲ್ಲಿದ್ದಲ ಸ್ಥಾವರಗಳೂ ಹೆಚ್ಚು ದುಡಿಯಬೇಕಾಗುತ್ತದೆ. ಪಡುಬಿದ್ರಿ ಹತ್ತಿರ ಎಲ್ಲೂರಿನಲ್ಲಿ ನಮ್ಮದೇ ಜಿಲ್ಲೆಯ 1,200 ಮೆಗಾವ್ಯಾಟ್‌ನ ಸ್ಥಾವರ ಇದೆ. ಅದಕ್ಕೆ ಬೇಕಾದ ಕಲ್ಲಿದ್ದಲು ಹೊರದೇಶದಿಂದ ಹಡಗಿನಲ್ಲಿ ಪಣಂಬೂರು ಬಂದರಿಗೆ ಬರುತ್ತದೆ. ದೇಶದ ಗ್ರಿಡ್‌ನಿಂದ ಒಂದು ಯೂನಿಟ್ ಬಳಸಿದರೆ ಸರಾಸರಿ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಮಾಡಿನ ಮೇಲೆ ಪ್ಯಾನೆಲ್ ಇಟ್ಟುಕೊಂಡು ಕತ್ತಲಾದ ಮೇಲೆ ಗಿರಣಿ ಓಡಿಸುವುದು ನಮಗೆ ಸರಿ ಕಾಣಲಿಲ್ಲ.

ಪ್ಯಾನೆಲ್‌ಗಿಂತ ಮೊದಲು ನಾವು ಕೈಹಾಕಿದ್ದು ಒಳಗಿನ ಮೆಷಿನ್‌ಗಳಿಗೆ. ನಿಮ್ಮಲ್ಲಿ ಹೋಟೆಲ್, ಬೇಕರಿ, ವರ್ಕ್‌ಶಾಪ್ ನಡೆಸುವವರು ಬಹಳ ಮಂದಿ ಇದ್ದೀರಿ, ನೀವೂ ಸೋಲಾರ್ ಬಗ್ಗೆ ವಿಚಾರಿಸುತ್ತಿದ್ದೀರಿ. ನಿಮಗೆ ನಾವು ಹೇಳುವುದು ಇಷ್ಟೇ: ಮೊದಲು ಪೋಲಾಗುವುದನ್ನು ನಿಲ್ಲಿಸಿ, ಆಮೇಲೆ ಪ್ಯಾನೆಲ್ ಹಾಕಿಸಿ. ಪೋಲಾಗುವ ಕರೆಂಟಿಗೂ ಸೇರಿಸಿ ಪ್ಯಾನೆಲ್ ತಗೊಂಡರೆ ಸುಮ್ನೆ ದುಡ್ಡು ದಂಡ.

ಮೆಣಸಿನ ಹುಡಿ ಮಾಡುವ ಮೆಷಿನ್‌ನ ಹತ್ತು ಎಚ್‌ಪಿ ಮೋಟಾರನ್ನೇ ನೋಡಿ. ಹಳೆಯದು ದಕ್ಷತೆಯಲ್ಲಿ ಐಇ1 ದರ್ಜೆಯದ್ದು. ಅದಕ್ಕೆ ಹೋದ ಕರೆಂಟಿನಲ್ಲಿ ನೂರಕ್ಕೆ 86 ಪಾಲು ಕೆಲಸಕ್ಕೆ ಬರುತ್ತಿತ್ತು, ಉಳಿದದ್ದು ಬಿಸಿಯಾಗಿ ಹೋಗುತ್ತಿತ್ತು. ಅದೂ ಹೊಸತಿದ್ದಾಗಿನ ಲೆಕ್ಕ. ಸುಟ್ಟ ಮೋಟಾರಿಗೆ ವೈಂಡಿಂಗ್ ಸರಿಯಾಗಿ ಆಗದಿದ್ದರೆ ಅದು ಇನ್ನೂ ಇಳಿಯುತ್ತದೆ. ಈಗ ಹಾಕಿರುವ ಐಇ3 ಮೋಟಾರಿನಲ್ಲಿ 90.4 ಪಾಲು ಕೆಲಸಕ್ಕೆ ಸಿಗುತ್ತದೆ. ನಾಲ್ಕು ಪಾಲು ಏನು ಮಹಾ ಅನಿಸಬಹುದು. ಅಂಥ ಮೋಟಾರು ಪೂರ್ತಿ ಲೋಡ್‌ನಲ್ಲಿ ದಿನಕ್ಕೆ ಎಂಟು ಗಂಟೆಯ ಹಾಗೆ ವರ್ಷಕ್ಕೆ 300 ದಿನ ಓಡಿದರೆ ಸುಮಾರು 1,000 ಯೂನಿಟ್ ಉಳಿಯುತ್ತದೆ.

ಬೆಲ್ಟ್ ಕೂಡ ಹಾಗೆಯೇ. ಪುಲ್ಲಿಯ ಕೆಳಗೆ ನೆಲದ ಮೇಲೆ ನುಣ್ಣಗೆ ಕಪ್ಪು ಹುಡಿ ಬಿದ್ದಿದ್ದರೆ ಬೆಲ್ಟ್ ಜಾರುತ್ತಿದೆ ಎಂದು ಅರ್ಥ. ಮೋಟಾರು ತಿರುಗಿದಷ್ಟು ಮೆಷಿನ್ ತಿರುಗುವುದಿಲ್ಲ, ಮೀಟರ್ ಮಾತ್ರ ಓಡುತ್ತದೆ. ಈಗ ಪ್ರತಿ ಸೋಮವಾರ ಶುರು ಮಾಡುವ ಮೊದಲು ಆ ಜಾಗ ನೋಡಿ, ಬೆಲ್ಟ್ ಬಿಗಿ ಮಾಡಿಯೇ ಸ್ವಿಚ್ ಹಾಕುವುದು. ಗಿರಣಿಯ ಕಲ್ಲು ಸವೆದು ನುಣುಪಾದರೂ ಅಷ್ಟೇ, ಅದೇ ಗೋಧಿಗೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಲೈಟುಗಳು ಎಲ್ಲ ಎಲ್‌ಇಡಿ. ಮಾಡಿನಲ್ಲಿ ಎರಡು ಕಡೆ ಬೆಳಕು ಬೀಳುವ ಶೀಟ್ ಹಾಕಿದ್ದರಿಂದ ಹಗಲು ಅವೂ ಬೇಕಾಗುವುದಿಲ್ಲ.

ಇದರಲ್ಲಿ ನಿಮ್ಮ ಕೈಯಲ್ಲೂ ಒಂದು ಕೆಲಸ ಇದೆ. ದಯವಿಟ್ಟು ಕೊಬ್ಬರಿ ಚೆನ್ನಾಗಿ ಒಣಗಿಸಿ ತನ್ನಿ. ಎಣ್ಣೆ ತೆಗೆಯುವಾಗ ಕೊಬ್ಬರಿಯಲ್ಲಿ ನೀರಿನ ಅಂಶ ನೂರಕ್ಕೆ ಆರರ ಹತ್ತಿರ ಇರಬೇಕು. ಮನೆಯಲ್ಲಿ ನೋಡುವುದು ಸುಲಭ: ಒಂದು ತುಂಡು ಬಾಗಿಸಿ, ಟಕ್ ಎಂದು ಮುರಿಯಬೇಕು. ಬಳುಕಿದರೆ ಇನ್ನೂ ಬಿಸಿಲು ಬೇಕು. ಹಸಿ ಇದ್ದರೆ ಎಕ್ಸ್‌ಪೆಲ್ಲರ್‌ನಲ್ಲಿ ಹಿಡಿಯುವುದಿಲ್ಲ, ಎಣ್ಣೆ ಹಿಂಡಿಯಲ್ಲೇ ಉಳಿಯುತ್ತದೆ, ಮತ್ತೆ ಹಾಕಬೇಕಾಗುತ್ತದೆ. ಕರೆಂಟ್ ಜಾಸ್ತಿ, ನಿಮಗೆ ಎಣ್ಣೆ ಕಮ್ಮಿ, ಬಂದ ಎಣ್ಣೆಯೂ ಬೇಗ ಕಮಟುತ್ತದೆ. ಮಳೆಗಾಲದಲ್ಲಿ ಅಂಗಳದಲ್ಲಿ ಒಣಗುವುದಿಲ್ಲ ಅಲ್ವಾ, ಆಗ ನಮ್ಮ ಡ್ರೈಯರ್ ಇದೆ. ಅದಕ್ಕೆ ಸೌದೆ ಬೇಡ, ತೆಂಗಿನ ಗೆರಟೆಯಲ್ಲೇ ನಡೆಯುತ್ತದೆ. ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯ ವಿಜ್ಞಾನಿಗಳು ಗೆರಟೆಯಿಂದ ಉರಿಯುವ, ಕೊಬ್ಬರಿಗೆ ಹೊಗೆ ತಾಗದ ಡ್ರೈಯರ್‌ಗಳನ್ನು ಮಾಡಿ ತೋರಿಸಿದ್ದಾರೆ. ಕೊಬ್ಬರಿಯ ಜೊತೆ ಮನೆಯ ಗೆರಟೆಯನ್ನೂ ತಂದರೆ ಒಣಗಿಸುವ ಖರ್ಚಿನಲ್ಲಿ ಕಳೆಯುತ್ತೇವೆ.

ಮಳೆಗಾಲದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಮೋಡ ಬಿಡುವುದಿಲ್ಲ, ಪ್ಯಾನೆಲ್‌ನಿಂದ ಕರೆಂಟ್ ಬಹಳ ಕಮ್ಮಿ ಬರುತ್ತದೆ. ಆಗ ಮೆಸ್ಕಾಂ ಕರೆಂಟಿನಲ್ಲೇ ಓಡಿಸುತ್ತೇವೆ, ಹೊತ್ತು ಮಾತ್ರ ಇದೇ. ಕರೆಂಟ್ ಹೋದರೆ ಎಷ್ಟೇ ಬಿಸಿಲಿದ್ದರೂ ಮಿಲ್ಲು ನಿಲ್ಲುತ್ತದೆ. ಸೋಲಾರ್ ಇದ್ದೂ ಯಾಕೆ ಎಂದು ಕೇಳುವವರಿಗೆ: ಲೈನ್ ಸತ್ತಾಗ ನಮ್ಮ ಇನ್ವರ್ಟರ್ ತಾನಾಗಿಯೇ ಬಂದ್ ಆಗುತ್ತದೆ. ಇಲ್ಲದಿದ್ದರೆ ಮಾಡಿನ ಕರೆಂಟ್ ಲೈನಿಗೆ ಹರಿದು, ಕಂಬದ ಮೇಲೆ ರಿಪೇರಿ ಮಾಡುವ ಲೈನ್‌ಮನ್ ಜೀವಕ್ಕೆ ಅಪಾಯ. ಬ್ಯಾಟರಿ ಇಟ್ಟರೆ ಓಡಿಸಬಹುದಿತ್ತು. ದೊಡ್ಡ ಮೋಟಾರಿಗೆ ಬೇಕಾದಷ್ಟು ಬ್ಯಾಟರಿಯ ಖರ್ಚು ನಮ್ಮಂಥ ಸಣ್ಣ ಮಿಲ್ಲಿಗೆ ಸದ್ಯ ಹೊರೆ.

ಬೇಸಿಗೆಯಲ್ಲಿ ಇನ್ನೊಂದು ಕೆಲಸ. ರಸ್ತೆಯ ಕೆಂಪು ಧೂಳು, ನಮ್ಮದೇ ಮಿಲ್ಲಿನ ಹಿಟ್ಟು ಎರಡೂ ಪ್ಯಾನೆಲ್ ಮೇಲೆ ಕೂರುತ್ತವೆ. ಬೆಳಿಗ್ಗೆ ಗಾಜು ತಣ್ಣಗಿರುವಾಗಲೇ ಒಳ್ಳೆ ನೀರಿನಲ್ಲಿ ತೊಳೆಯಬೇಕು. ಉಪ್ಪುಗಾಳಿಯ ಊರು ನಮ್ಮದು, ಹಾಗಾಗಿ ಪ್ಯಾನೆಲ್ ಹಾಕಿಸುವವರು ಸ್ಟ್ಯಾಂಡು, ಬೋಲ್ಟಿಗೆ ತುಕ್ಕು ಹಿಡಿಯದ ಸಾಮಾನನ್ನೇ ಕೇಳಿ ಹಾಕಿಸಿ. ಪ್ಯಾನೆಲ್ 25 ವರ್ಷ ಬಾಳುತ್ತದೆ, ಕೆಳಗಿನ ಕಬ್ಬಿಣವೂ ಅಷ್ಟು ಬಾಳಬೇಕಲ್ಲ.

ಅಷ್ಟಮಿ, ಚೌತಿ ಸಮಯದಲ್ಲಿ ಚಕ್ಕುಲಿ ಹಿಟ್ಟು, ಉಂಡೆ ಹಿಟ್ಟಿಗೆ ರಶ್ ಇರುತ್ತದೆ. ಹಬ್ಬದ ಹಿಂದಿನ ವಾರ ಸಂಜೆಯೂ ಗಿರಣಿ ಓಡಿಸುತ್ತೇವೆ, ದಿನಗಳನ್ನು ಬೋರ್ಡಿನಲ್ಲಿ ಬರೆಯುತ್ತೇವೆ. ತಿಂಗಳ ಬಿಲ್ಲು, ಸೋಲಾರ್ ಮೀಟರ್ ರೀಡಿಂಗ್ ಎರಡೂ ಕೌಂಟರ್ ಪಕ್ಕದ ಪುಸ್ತಕದಲ್ಲಿರುತ್ತವೆ. ಯಾರು ಬೇಕಾದರೂ ನೋಡಬಹುದು, ತಮ್ಮ ಅಂಗಡಿಯ ಲೆಕ್ಕಕ್ಕೆ ಬರೆದುಕೊಳ್ಳಬಹುದು.

ಸಂಜೆ ಕೊಟ್ಟುಹೋಗುವವರು ಚೀಲದ ಮೇಲೆ ಹೆಸರು ಬರೆದು, ಹಿಟ್ಟು ನಯ ಬೇಕೋ ತರಿ ಬೇಕೋ ಹೇಳಿ, ಚೀಟಿ ತಗೊಂಡು ಹೋಗಿ.

ಇಂತಿ,
ನಿಮ್ಮ ಮಿಲ್ಲಿನ ಬಳಗ
ಉಡುಪಿ